ಹಲಗೆ ಬೇಡ ಎಂದರು, ಏಕೆಂದು ಹೇಳಲಿಲ್ಲ

ನಮ್ಮ ಕ್ರೈಸ್ತ ಸಭೆಯ ವಾರ್ಷಿಕ ಕೂಟದಲ್ಲಿ ಜಮಾಖರ್ಚು ಓದಿ ಮುಗಿಯುತ್ತಲೇ ಯಾರಾದರೊಬ್ಬ ಹಿರಿಯರು ಎದ್ದು ನಿಲ್ಲುತ್ತಾರೆ. ಅವರು ಏನು ಹೇಳಲಿದ್ದಾರೆಂದು ಕುಳಿತವರಿಗೆಲ್ಲ ಗೊತ್ತು. ಯುವಜನರು ಆರಾಧನೆಗೆ ಬರುತ್ತಿಲ್ಲ, ಬಂದವರೂ ಹಿಂದಿನ ಸಾಲಿನಲ್ಲಿ ಮೊಬೈಲ್ ಹಿಡಿದು ಕೂರುತ್ತಾರೆ, ನಾವು ಕಣ್ಣು ಮುಚ್ಚಿದ ಮೇಲೆ ಈ ಸಭೆಯ ಗತಿ ಏನು? ಆಮೇಲೆ ಪರಿಹಾರಗಳ ಸರದಿ. ಒಬ್ಬರು ಗಿಟಾರ್ ಕೊಳ್ಳೋಣ ಎನ್ನುತ್ತಾರೆ, ಇನ್ನೊಬ್ಬರು ಪ್ರೊಜೆಕ್ಟರ್ ಎನ್ನುತ್ತಾರೆ. ಮಗನನ್ನು ಹೈದರಾಬಾದಿಗೆ ಕಳಿಸಿದವರು ತಿಂಗಳಿಗೊಂದು ಇಂಗ್ಲಿಷ್ ಆರಾಧನೆ ಇಡಬಾರದೇಕೆ ಎಂದು ಕೇಳುತ್ತಾರೆ. ರಿಂಗ್ ರಸ್ತೆಯ ಆಚೆ ಹೊಸದಾಗಿ ಎದ್ದಿರುವ ಸಭೆಗಳಲ್ಲಿ ಡ್ರಮ್ ಸೆಟ್ ಇದೆಯಂತೆ, ನಮ್ಮ ಹುಡುಗರು ಅಲ್ಲಿಗೆ ಹೋಗುತ್ತಿದ್ದಾರಂತೆ ಎಂಬ ವರದಿಯೂ ಬರುತ್ತದೆ. ಕೊನೆಗೆ ಒಂದು ಉಪಸಮಿತಿ ಆಗುತ್ತದೆ. ಚಹಾ ಬರುತ್ತದೆ.

ಈ ಗೋಳನ್ನು ಕೇಳುವಾಗಲೆಲ್ಲ ನನಗೆ ಒಂದು ಅನುಮಾನ ಕಾಡುತ್ತದೆ. ನಾವು ಮಕ್ಕಳಿಗೆ ಏನನ್ನೂ ಕಲಿಸಿಲ್ಲವೆಂದು ಯಾರೂ ಹೇಳಲಾರರು. ನಮ್ಮ ಸಂಡೇ ಸ್ಕೂಲಿನ ಮಕ್ಕಳಿಗೆ 23ನೆಯ ಕೀರ್ತನೆ ಬಾಯಿಪಾಠ. ಹತ್ತು ಆಜ್ಞೆಗಳನ್ನು ಉಸಿರು ಬಿಡದೆ ಹೇಳುತ್ತಾರೆ. ಬೇಸಿಗೆ ರಜೆಯ ಸತ್ಯವೇದ (ಬೈಬಲ್) ಶಾಲೆಗೆ ನಲವತ್ತೆರಡು ಡಿಗ್ರಿ ಬಿಸಿಲಿನಲ್ಲೂ ಬರುತ್ತಾರೆ. ಆದರೆ ಅಬ್ರಹಾಮನು ಊರ್ ಎಂಬ ಪಟ್ಟಣವನ್ನು ಏಕೆ ಬಿಟ್ಟನೆಂದು ಬಲ್ಲ ಮಗುವಿಗೆ ತನ್ನ ಮುತ್ಯಾನ (ಅಜ್ಜನ) ಅಪ್ಪ ಭಾಲ್ಕಿ ಕಡೆಯ ಒಂದು ಹಳ್ಳಿಯಲ್ಲಿ ತನ್ನ ಹಳೆಯ ದೇವರನ್ನು ಏಕೆ ಬಿಟ್ಟನೆಂದು ಗೊತ್ತಿಲ್ಲ. ಕೇಳಿದರೆ ಸಿಗುವ ಉತ್ತರ ಒಂದೇ: ದೇವರು ಕರೆದರು. ಉತ್ತರ ಸರಿಯಾಗಿಯೇ ಇದೆ. ಅದನ್ನು ಹೇಳುವ ರೀತಿಯಲ್ಲಿ ಮುಂದೆ ಕೇಳಬೇಡ ಎಂಬ ಧ್ವನಿ ಇರುತ್ತದೆ, ಅಷ್ಟೆ.

ಕ್ಯಾರಲ್ ರಾತ್ರಿ

ಕ್ರಿಸ್ಮಸ್ಸಿಗೆ ನಾವೆಲ್ಲ ಇನ್ನೂ ಹಳ್ಳಿಗೇ ಹೋಗುತ್ತೇವೆ. ಕಲಬುರಗಿಯಲ್ಲಿ, ಪುಣೆಯಲ್ಲಿ, ಬೆಂಗಳೂರಿನಲ್ಲಿ ಚದುರಿದವರು ಡಿಸೆಂಬರ್ ಇಪ್ಪತ್ತರ ಹೊತ್ತಿಗೆ ಒಬ್ಬೊಬ್ಬರಾಗಿ ಬಂದಿಳಿಯುತ್ತಾರೆ. ಹೊಲದಲ್ಲಿ ತೊಗರಿ ಕಟಾವು ನಡೆದಿರುತ್ತದೆ, ಬೆಳಗಿನ ಜಾವ ಹಲ್ಲು ಕಡಿಯುವಷ್ಟು ಚಳಿ. ಕ್ಯಾರಲ್ ತಂಡ ರಾತ್ರಿ ಊಟವಾದ ಮೇಲೆ ದೇವಾಲಯದ ಮುಂದಿನಿಂದ ಹೊರಟು ಮನೆಮನೆಗೆ ಹೋಗುತ್ತದೆ. ಢೋಲಕ್, ತಾಳ, ಉಸಿರು ಸೋರುವ ಒಂದು ಹಾರ್ಮೋನಿಯಂ. ಪ್ರತಿ ಮನೆಯಲ್ಲೂ ಚಹಾ, ಚುರುಮುರಿ. ಬೆಳಗಾಗುವ ಹೊತ್ತಿಗೆ ಯಾರ ಗಂಟಲೂ ಉಳಿದಿರುವುದಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ತಮ್ಮನ ಮಗಳು ಮತ್ತು ಅವಳ ಜೊತೆಯವರು ಬಾರಿಸುವ ಎರಡು ಹಲಗೆಗಳನ್ನು ತಂದಿದ್ದರು. ಕಾಲೇಜಿನ ಯುವಜನೋತ್ಸವಕ್ಕೆಂದು ಕಲಿತು, ಬಹುಮಾನವನ್ನೂ ಗೆದ್ದಿದ್ದರಂತೆ. ಹೋಳಿ ಹುಣ್ಣಿಮೆಗೆ ಪೇಟೆಯಲ್ಲಿ ಸಿಗುವ ಫೈಬರ್ ಹಲಗೆಯಲ್ಲ, ಚರ್ಮ ಬಿಗಿದ ಅಸಲಿ ಹಲಗೆ. ದೇವಾಲಯದ ಮುಂದೆ ಚಳಿ ಕಾಯಿಸಲು ಹಾಕಿದ್ದ ಬೆಂಕಿಗೆ ಅವುಗಳನ್ನು ಹಿಡಿದು ಚರ್ಮ ಬಿಸಿ ಮಾಡಿ, ಬೆರಳಿನಿಂದ ಒಮ್ಮೆ ತಟ್ಟಿ ನಾದ ನೋಡಿದರು. ಆಮೇಲೆ ಒಂದು ಕೈಯಲ್ಲಿ ತೆಳ್ಳನೆಯ ಉದ್ದ ಕಡ್ಡಿ, ಇನ್ನೊಂದರಲ್ಲಿ ಗಿಡ್ಡ ಕೋಲು ಹಿಡಿದು ಶುರು ಮಾಡಿಯೇಬಿಟ್ಟರು. ಇಡೀ ಓಣಿ ಎದ್ದು ಹೊರಗೆ ಬಂತು. ಚಿಕ್ಕ ಮಕ್ಕಳು ಕುಣಿಯತೊಡಗಿದವು. ಸುಳ್ಳೇಕೆ ಹೇಳಲಿ, ನನ್ನ ಕಾಲೂ ನಿಲ್ಲಲಿಲ್ಲ.

ನನ್ನ ಕಾಕಾ ನಿವೃತ್ತ ಹೆಡ್‌ಮಾಸ್ತರರು, ಸಭೆಯ ಹಿರಿಯರು. ಅವರು ಒಳಗಿನಿಂದ ಬಂದರು. ಧ್ವನಿ ಏರಿಸುವವರಲ್ಲ. ಅಂದು ಏರಿಸಿದರು. "ಅದನ್ನು ನಿಲ್ಲಿಸಿ. ಇಲ್ಲಿ ಹಲಗೆ ಬೇಡ."

"ಏಕೆ ಮುತ್ಯಾ?" ಎಂದಳು ತಮ್ಮನ ಮಗಳು. "ದಮ್ಮಡಿ ಬಡಿದು, ಕುಣಿದು ಸ್ತುತಿಸಿ ಎಂದು 150ನೆಯ ಕೀರ್ತನೆಯಲ್ಲೇ ಇದೆಯಲ್ಲ. ನೀವೇ ಕಲಿಸಿದ್ದು."

"ದಮ್ಮಡಿ ಬೇರೆ, ಹಲಗೆ ಬೇರೆ."

"ಏನು ಬೇರೆ?"

ಕಾಕಾ ಅವಳನ್ನೇ ನೋಡಿದರು. ಏನೋ ಹೇಳಲು ಬಾಯಿ ತೆರೆದಂತೆ ಕಂಡಿತು. ಆಮೇಲೆ ತಿರುಗಿ ಒಳಗೆ ನಡೆದುಬಿಟ್ಟರು. ಆ ರಾತ್ರಿ ಕ್ಯಾರಲ್ ತಂಡ ಢೋಲಕ್ಕಿನೊಂದಿಗೇ ಹೋಯಿತು. ಹುಡುಗರು ಮುಖ ಊದಿಸಿಕೊಂಡು ಹಿಂದೆ ನಡೆದರು. ನಮ್ಮ ಸಂಡೇ ಸ್ಕೂಲಿನ ಮಟ್ಟಿಗೆ ಇದು ದೊಡ್ಡ ಗೆಲುವೆಂದೇ ಹೇಳಬೇಕು. ಹುಡುಗಿಗೆ ವಾಕ್ಯ ಅಧ್ಯಾಯ ಸಮೇತ ನೆನಪಿತ್ತು, ಅದನ್ನು ಸರಿಯಾದ ಜಾಗದಲ್ಲಿ ಎತ್ತಿ ಇಟ್ಟಳು. ಅವಳ ಬಳಿ ಇಲ್ಲದ್ದು ಬೇರೆಯದು.

ಅದನ್ನು ಕಾಕಾ ನನಗೆ ಹೇಳಿದ್ದು ಮರುದಿನ, ಹೊಲದ ಬದುವಿನ ಮೇಲೆ ಕುಳಿತಾಗ. ಅವರ ಮುತ್ಯಾ ಊರಿಗೆ ಹಲಗೆ ಬಾರಿಸುವವನಾಗಿದ್ದ. ಬಾರಿಸುವುದು ಅವನ ಇಷ್ಟವಲ್ಲ, ಊರಿನ ಕಟ್ಟಳೆ. ಗೌಡರ ಮನೆಯ ಮದುವೆಗೆ ದೂರ ನಿಂತು ಬಾರಿಸಬೇಕು, ದೇವಿಯ ಜಾತ್ರೆಯಲ್ಲಿ ಕೋಣದ ಮುಂದೆ ಬಾರಿಸಬೇಕು, ಹೆಣದ ಮುಂದೆ ಬಾರಿಸಬೇಕು. ಸಾವಿನ ಸುದ್ದಿಯನ್ನು ಹತ್ತಾರು ಹಳ್ಳಿಗೆ ಕಾಲ್ನಡಿಗೆಯಲ್ಲಿ ಮುಟ್ಟಿಸಬೇಕು, ಸತ್ತ ದನವನ್ನು ಎಳೆದು ಹಾಕಬೇಕು. ಪ್ರತಿಯಾಗಿ ಸುಗ್ಗಿಯಲ್ಲಿ ಕಣದಿಂದ ಒಂದಿಷ್ಟು ಜೋಳ. ಆಗ ಇದೆಲ್ಲ ನಿಜಾಮರ ಸೀಮೆ. ಅಮೆರಿಕದ ಮೆಥೋಡಿಸ್ಟ್ ಮಿಷನ್ನಿನವರು ಕಲಬುರಗಿ, ಬೀದರ್, ಯಾದಗಿರಿ ಭಾಗಗಳಲ್ಲಿ ಶಾಲೆ, ಆಸ್ಪತ್ರೆ ಎಂದು ಓಡಾಡುತ್ತಿದ್ದ ಕಾಲ. ಕೇರಿಯ ಜನ ಒಟ್ಟಾಗಿ ದೀಕ್ಷಾಸ್ನಾನ ಪಡೆದರು. ಆ ವಾರವೇ ಊರಿನಲ್ಲಿ ಒಂದು ಸಾವಾಯಿತು. ಹಲಗೆಗೆ ಕರೆ ಬಂತು. ಮುತ್ಯಾ ಹೋಗಲಿಲ್ಲ. ಎರಡನೆಯ ಸಲ ಆಳು ಬಂದಾಗ ಹಲಗೆಯ ಚರ್ಮವನ್ನು ಕುಡುಗೋಲಿನಿಂದ ಸೀಳಿ, ಕಟ್ಟಿಗೆಯ ಬಳೆಯನ್ನು ಒಲೆಗೆ ಹಾಕಿದನಂತೆ. ಆ ವರ್ಷ ಕೇರಿಗೆ ಕಣದ ಕಾಳು ಬರಲಿಲ್ಲ. ಕೂಲಿಗೂ ಯಾರೂ ಕರೆಯಲಿಲ್ಲ.

"ಇದನ್ನು ಹುಡುಗರಿಗೆ ನಿನ್ನೆಯೇ ಹೇಳಬಹುದಿತ್ತಲ್ಲ ಕಾಕಾ" ಎಂದೆ.

"ಹೇಳಿದರೆ ಅವನು ಬಿಟ್ಟದ್ದನ್ನಷ್ಟೇ ಹೇಳಲಾಗುವುದಿಲ್ಲವ್ವ. ಮೊದಲು ಏನಾಗಿದ್ದ ಎಂಬುದನ್ನೂ ಹೇಳಬೇಕು" ಎಂದರು.

ಕಲಬುರಗಿಗೆ ಮರಳುವ ಬಸ್ಸಿನಲ್ಲಿ ಇದನ್ನು ತಮ್ಮನ ಮಗಳಿಗೆ ಹೇಳಿದೆ. ಹುಮನಾಬಾದ್ ದಾಟುವವರೆಗೂ ಅವಳು ಮಾತನಾಡಲಿಲ್ಲ. ಆಮೇಲೆ ಸಿಟ್ಟಿನಲ್ಲೇ ಕೇಳಿದಳು: "ಇಷ್ಟು ದೊಡ್ಡ ವಿಷಯವನ್ನು ನನಗೆ ಇಪ್ಪತ್ತು ತುಂಬುವವರೆಗೂ ಯಾರೂ ಏಕೆ ಹೇಳಲಿಲ್ಲ, ಅತ್ತೆ? ಕ್ರಿಸ್ಮಸ್ಸಿನ ಪ್ರತಿ ಪ್ರಸಂಗದಲ್ಲೂ ಕುರುಬರು, ಜ್ಞಾನಿಗಳು. ಒಮ್ಮೆಯಾದರೂ ಇವನ ಹೆಸರು ಬರಬಾರದಿತ್ತೇ?" ಸ್ವಲ್ಪ ಹೊತ್ತಿನ ನಂತರ ಇನ್ನೊಂದು ಮಾತು: "ಈಗ ನಮಗೆ ಯಾರೂ ಬಾರಿಸು ಎನ್ನುತ್ತಿಲ್ಲ. ನಾವೇ ಬಾರಿಸುತ್ತಿದ್ದೇವೆ. ಅದು ಬೇರೆ ಅಲ್ಲವೇ?"

ಬೇರೆಯೇ. ಆದರೆ ಆ ರಾತ್ರಿ ಕಾಕಾ ತಡೆದದ್ದೂ ತಪ್ಪೆನಿಸಲಿಲ್ಲ. ಒಂದು ಸುಗ್ಗಿಯ ಅನ್ನ ಕೊಟ್ಟು ನಿಲ್ಲಿಸಿದ ಸದ್ದು ದೇವಾಲಯದ ಬಾಗಿಲಲ್ಲಿ ಏಕಾಏಕಿ ಕೇಳಿಸಿದರೆ ಎಂಬತ್ತು ದಾಟಿದ ಮನುಷ್ಯ ಮತ್ತೇನು ಮಾಡಬೇಕು? ಬೇಡ ಎಂಬುದು ನಾಲ್ಕು ತಲೆಮಾರು ದಾಟಿ ಬಂದಿದೆ, ಏಕೆ ಬೇಡ ಎಂಬುದು ಎರಡನೆಯದರಲ್ಲೇ ನಿಂತಿದೆ. ನಮ್ಮ ಮನೆಗಳಲ್ಲಿ ಇಂಥವು ಇನ್ನೂ ಎಷ್ಟೋ ಇವೆ. ಜಾತ್ರೆಯ ಊಟ ಬೇಡ, ಕೆಲವು ಹೆಸರುಗಳನ್ನು ಮಕ್ಕಳಿಗೆ ಇಡುವುದು ಬೇಡ, ಕೆಲವು ಹಾಡುಗಳು ಬೇಡ. ಕಾರಣ ತಿಳಿಯದ ಮಕ್ಕಳಿಗೆ ಇವೆಲ್ಲ ಬರೀ ಮಡಿವಂತಿಕೆಯಂತೆ ಕಾಣುತ್ತವೆ.

ಸೋದರಮಾವನ ಮನೆ

ನನ್ನ ತಾಯಿಯ ಕಡೆಯವರಲ್ಲಿ ಒಂದು ಕವಲು ಬೌದ್ಧರಾಗಿದ್ದಾರೆ. ಇದು ನಮ್ಮ ಭಾಗದಲ್ಲಿ ವಿಶೇಷವೇನಲ್ಲ. ಒಂದೇ ಮದುವೆಯ ಪಂಕ್ತಿಯಲ್ಲಿ ಶಿಲುಬೆ ಹಾಕಿಕೊಂಡವರು, ಭಂಡಾರ ಹಚ್ಚಿಕೊಂಡವರು, ನೀಲಿ ಶಾಲು ಹೊದ್ದವರು ಒಟ್ಟಿಗೆ ಉಣ್ಣುತ್ತಾರೆ. ಕಲಬುರಗಿಯ ಸೇಡಂ ರಸ್ತೆಯಲ್ಲಿ ಬುದ್ಧ ವಿಹಾರ ಉದ್ಘಾಟನೆಯಾದ ಮೇಲೆ ಸೋದರಮಾವನ ಮಗ ಪ್ರತಿ ಅಕ್ಟೋಬರಿನಲ್ಲಿ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗುತ್ತಾನೆ. ಒಮ್ಮೆ ಅವನ ಚಿಕ್ಕ ಮಗನನ್ನು ಮಾತಿಗೆಳೆದೆ. ನಾಲ್ಕನೆಯ ತರಗತಿಯ ಹುಡುಗ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಧಮ್ಮ ಸ್ವೀಕರಿಸಿದ್ದು, 22 ಪ್ರತಿಜ್ಞೆಗಳನ್ನು ಬೋಧಿಸಿದ್ದು, ತನ್ನ ಅಜ್ಜನನ್ನು ಬಾವಿಯ ಕಟ್ಟೆ ಹತ್ತಲು ಬಿಡದಿದ್ದದ್ದು, ಆದ್ದರಿಂದ ತಾವು ಬೌದ್ಧರಾದದ್ದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ನಾಚಿಕೆ ಅವನ ಹತ್ತಿರವೂ ಸುಳಿಯಲಿಲ್ಲ. ಅಜ್ಜನಿಗಾದ ಅವಮಾನ ಅವಮಾನ ಮಾಡಿದವರದು, ಅಜ್ಜನದಲ್ಲ ಎಂಬುದು ಅವನಿಗೆ ಆಗಲೇ ಗೊತ್ತಿತ್ತು.

ಇದನ್ನು ಕಾಕಾನಿಗೆ ಹೇಳಿದಾಗ ನಕ್ಕರು. "ಅವರಿಗೆ ಬಾಬಾಸಾಹೇಬರು ಕಾರಣವನ್ನೇ ಬರೆದುಕೊಟ್ಟರು. ನಮ್ಮವರ ಹೆಸರುಗಳನ್ನು ಪಾದ್ರಿಗಳು ರಿಜಿಸ್ಟರಿನಲ್ಲಿ ಬರೆದುಕೊಂಡರು" ಎಂದರು. ಮಾತಿನಲ್ಲಿ ಕುಹಕವಿದೆ, ಆದರೆ ಪೂರ್ತಿ ಸುಳ್ಳಲ್ಲ. ನಮ್ಮ ಸಭೆಗಳ ಚರಿತ್ರೆಯೆಂದು ಸಿಗುವುದೆಲ್ಲ ಬಂದ ಮಿಷನರಿಗಳ ಚರಿತ್ರೆ. 1870ರಲ್ಲಿ ಮೆಥೋಡಿಸ್ಟ್ ಮಿಷನರಿ ವಿಲಿಯಂ ಟೇಲರ್ ಭಾರತಕ್ಕೆ ಬಂದದ್ದು ನಮ್ಮಲ್ಲಿ ಅನೇಕರಿಗೆ ಗೊತ್ತು. ಅವರ ಹಿಂದೆ ಬಂದವರ ಫೋಟೋಗಳು ಗೋಡೆಯ ಮೇಲಿವೆ. ಕೇರಿಯಿಂದ ಎದ್ದು ಅವರ ಕಡೆಗೆ ನಡೆದವರ ಫೋಟೋ ಯಾರ ಬಳಿಯೂ ಇಲ್ಲ. ಕಥೆಯಾದರೂ ಇರಬೇಕಿತ್ತು.

ದಾಖಲೆಯಲ್ಲಿ ಒಂದು, ಸಭೆಯಲ್ಲಿ ಒಂದು

ಇನ್ನು ಬರೆಯುವುದು ಸ್ವಲ್ಪ ಇರಿಸುಮುರಿಸಿನ ಸಂಗತಿ. ಆದರೆ ಈ ಮೂರು ಜಿಲ್ಲೆಗಳಲ್ಲಿ ಇದು ಗೊತ್ತಿಲ್ಲದವರು ಯಾರು?

1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಹಿಂದೂಗಳಲ್ಲದವರನ್ನು ಪರಿಶಿಷ್ಟ ಜಾತಿಯವರೆಂದು ಪರಿಗಣಿಸುವಂತಿಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಅದರೊಳಗೆ ಸೇರಿಸಿದರು. ಕ್ರೈಸ್ತರೂ ಮುಸ್ಲಿಮರೂ ಹೊರಗೇ ಉಳಿದರು. ಈ ಪ್ರಶ್ನೆಯನ್ನು ಪರಿಶೀಲಿಸಲು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ಆಯೋಗವನ್ನೂ ನೇಮಿಸಿತು. ಕಾನೂನಿನ ಸರಿತಪ್ಪನ್ನು ನಾನಿಲ್ಲಿ ಚರ್ಚಿಸುತ್ತಿಲ್ಲ. ಮನೆಯೊಳಗೆ ಅದು ಏನು ಮಾಡಿತೆಂಬುದಷ್ಟೇ ನನ್ನ ವಿಷಯ. ಸೋದರಮಾವನ ಮಗನ ಹುಡುಗ ತಾನು ಬೌದ್ಧನೆಂದು ಬರೆದರೂ ಅವನ ಜಾತಿ ಪ್ರಮಾಣಪತ್ರಕ್ಕೆ ಕುತ್ತಿಲ್ಲ. ನಮ್ಮ ಕಡೆಯ ಹುಡುಗನಿಗೆ ಧರ್ಮದ ಅಂಕಣ ತುಂಬುವುದೆಂದರೆ ವಿದ್ಯಾರ್ಥಿವೇತನ, ಹಾಸ್ಟೆಲ್, ನೌಕರಿ ಎಲ್ಲವನ್ನೂ ತಕ್ಕಡಿಗೆ ಹಾಕಿದಂತೆ. ಹೀಗಾಗಿ ಎಷ್ಟೋ ಮನೆಗಳಲ್ಲಿ ಶಾಲೆಯ ಹೆಸರು ಬೇರೆ, ದೀಕ್ಷಾಸ್ನಾನದ ಹೆಸರು ಬೇರೆ. ಮುತ್ಯಾ ಏನಾಗಿದ್ದ ಎಂಬುದನ್ನು ಸಭೆಯಲ್ಲಿ ಹೇಳಬಾರದು, ಈಗ ಏನಾಗಿದ್ದೇವೆ ಎಂಬುದನ್ನು ಕಚೇರಿಯಲ್ಲಿ ಹೇಳಬಾರದು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬಹುದಾದ ಜಾಗವೇ ಇಲ್ಲ. ನಮ್ಮ ಮಕ್ಕಳು ವಿಶ್ವಾಸಪ್ರಮಾಣ ಕಲಿಯುವ ಮೊದಲೇ ಎಲ್ಲಿ ಬಾಯಿ ಮುಚ್ಚಬೇಕೆಂದು ಕಲಿಯುತ್ತಾರೆ. ಇಂಥ ಮಕ್ಕಳು ಹದಿನೆಂಟಕ್ಕೆ ಎದ್ದು ನಿಂತು ಸಾಕ್ಷಿ ಹೇಳಲಿ ಎಂದು ಬಯಸುವುದು ಅತಿಯಾಸೆ.

ಇದರ ಜೊತೆಗೆ ಹಂಗಿನ ಮಾತು. ಹಾಲಿನ ಪುಡಿಗಾಗಿ, ಗೋಧಿ ಹಿಟ್ಟಿಗಾಗಿ ಮತ ಬಿಟ್ಟವರು ಎಂದು ನಾನೂ ಶಾಲೆಯಲ್ಲಿ ಅನ್ನಿಸಿಕೊಂಡಿದ್ದೇನೆ. ಕಥೆ ಹೇಳಿದರೆ ಅದರಲ್ಲಿ ಹಸಿವೂ ಬರುತ್ತದೆ, ಬಿಟ್ಟಿ ಚಾಕರಿಯೂ ಬರುತ್ತದೆ. ಅದನ್ನೇ ಹಿಡಿದು ನೋಡಿ ನಾವು ಹೇಳಲಿಲ್ಲವೇ ಎನ್ನುವವರು ಕಾದು ಕುಳಿತಿರುತ್ತಾರೆ. ಆದ್ದರಿಂದ ಹಿರಿಯರು ಹಸಿವನ್ನು ತೆಗೆದುಹಾಕಿ ಬರೀ ದೇವರ ಕರೆಯನ್ನು ಉಳಿಸಿಕೊಂಡರು. ಅಮೆರಿಕದ ಮೆಥೋಡಿಸ್ಟ್ ಮಿಷನರಿ ವಾಸ್ಕಮ್ ಪಿಕೆಟ್ ಇಂಥ ಸಾಮೂಹಿಕ ಮತಾಂತರಗಳ ಬಗ್ಗೆ ದೇಶದ ಹಲವು ಕಡೆ ಅಧ್ಯಯನ ಮಾಡಿ 1933ರಲ್ಲಿ ಪ್ರಕಟಿಸಿದರು. ಜನ ಯಾವ ಉದ್ದೇಶದಿಂದ ಬಂದರು ಎಂಬುದಕ್ಕಿಂತ, ಬಂದ ಮೇಲೆ ಅವರಿಗೆ ಎಂಥ ಬೋಧನೆ, ಎಂಥ ಆರೈಕೆ ಸಿಕ್ಕಿತು ಎಂಬುದೇ ಮುಂದಿನ ಕ್ರೈಸ್ತ ಬಾಳನ್ನು ಹೆಚ್ಚು ನಿರ್ಧರಿಸುತ್ತದೆ ಎಂಬುದು ಅವರು ಕಂಡುಕೊಂಡದ್ದು. ತೊಂಬತ್ತು ವರ್ಷಗಳ ಹಿಂದೆಯೇ ಹೊರಗಿನವರೊಬ್ಬರು ಹೀಗೆ ಹೇಳಿದ್ದರೂ ಹಸಿವಿನ ಬಗ್ಗೆ ನಮಗಿನ್ನೂ ಸಂಕೋಚ. ಹಸಿದವರನ್ನು ದೇವರು ಕರೆಯುವುದಿಲ್ಲವೇ? ಸತ್ಯವೇದದಲ್ಲಿ ಬಹುಪಾಲು ಕರೆಗಳು ಅಂಥವರಿಗೇ ಬಂದಿವೆ.

ಮಗು ಕೇಳಿದಾಗ

ಮುಂದಿನ ತಲೆಮಾರಿನ ಬಗ್ಗೆ ಪ್ರಸಂಗ ಮಾಡುವವರು ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯವನ್ನು ತಪ್ಪದೆ ಎತ್ತುತ್ತಾರೆ. ಕೂತಾಗ, ನಡೆಯುವಾಗ, ಮಲಗುವಾಗ, ಏಳುವಾಗ ಮಕ್ಕಳಿಗೆ ಕಲಿಸು ಎಂಬ ಏಳನೆಯ ವಚನದಲ್ಲೇ ನಿಂತುಬಿಡುತ್ತಾರೆ. ಅದೇ ಅಧ್ಯಾಯದಲ್ಲಿ ಇನ್ನಷ್ಟು ಕೆಳಗೆ ಇಳಿದರೆ ಮಗ ಪ್ರಶ್ನೆ ಕೇಳುತ್ತಾನೆ: ಈ ಆಜ್ಞೆಗಳೆಲ್ಲ ಏಕೆ? ಅದಕ್ಕೆ ತಂದೆ ಕೊಡಬೇಕಾದ ಉತ್ತರದಲ್ಲಿ ಮೊದಲು ಬರುವುದು ದೇವರ ಮಹಿಮೆಯಲ್ಲ. ನಾವು ಐಗುಪ್ತದಲ್ಲಿ ಫರೋಹನಿಗೆ ದಾಸರಾಗಿದ್ದೆವು ಎಂದು ಶುರುಮಾಡಬೇಕು. ವಿಮೋಚನಕಾಂಡದ ಹನ್ನೆರಡರಲ್ಲಿ ಪಸ್ಕದ ಊಟಕ್ಕೆ ಕುಳಿತ ಮಕ್ಕಳು ಕೇಳುತ್ತಾರೆ. ಯೆಹೋಶುವನ ನಾಲ್ಕರಲ್ಲಿ ಯೊರ್ದನಿನಿಂದ ಎತ್ತಿ ತಂದ ಹನ್ನೆರಡು ಕಲ್ಲುಗಳನ್ನು ನೋಡಿ ಮಕ್ಕಳು ಕೇಳುತ್ತಾರೆ. ಮೂರೂ ಕಡೆ ಪ್ರಶ್ನೆ ಮಗುವಿನದು, ಉತ್ತರ ಮನೆತನದ ಚರಿತ್ರೆ. ದಾಸ್ಯವನ್ನು ಮುಚ್ಚಿಟ್ಟು ಬಿಡುಗಡೆಯನ್ನಷ್ಟೇ ಹೇಳು ಎಂದು ಎಲ್ಲೂ ಬರೆದಿಲ್ಲ. ಬೇರೆಯವರ ದಾಸ್ಯವನ್ನು ನಾವು ಗಟ್ಟಿಯಾಗಿ ಓದುತ್ತೇವೆ. ನಮ್ಮದಕ್ಕೆ ಬಂದಾಗ ಕಾಕಾನಂತೆ ಬಾಯಿ ತೆರೆದು ಒಳಗೆ ನಡೆಯುತ್ತೇವೆ.

ಮೆಥೋಡಿಸ್ಟರಾದ ನಮಗೆ ಹತ್ತಿರದ ಇನ್ನೊಂದು ಉದಾಹರಣೆಯಿದೆ. ನಮ್ಮ ಪಂಥಕ್ಕೆ ಮೂಲಪುರುಷನಾದ ಜಾನ್ ವೆಸ್ಲಿಯ ತಾಯಿ ಸುಸಾನ್ನಾ ತುಂಬಿದ ಮನೆಯ ಕೆಲಸದ ನಡುವೆಯೂ ವಾರದಲ್ಲಿ ಒಂದೊಂದು ಸಂಜೆಯನ್ನು ಒಂದೊಂದು ಮಗುವಿನ ಜೊತೆ ಮಾತಿಗೆಂದು ಮೀಸಲಿಟ್ಟಿದ್ದಳು. ಜಾನನಿಗೆ ಗುರುವಾರ. ದೊಡ್ಡವನಾದ ಮೇಲೂ ಅವನು ತನ್ನ ಗುರುವಾರವನ್ನು ನೆನೆದು ತಾಯಿಗೆ ಬರೆದಿದ್ದಾನೆ. ಒಂದು ಮಗು, ಒಬ್ಬರು ದೊಡ್ಡವರು, ಒಂದು ಸಂಜೆ. ಪ್ರೊಜೆಕ್ಟರ್ ಇಲ್ಲ.

ನಮ್ಮ ಆಯಿಗೆ ಓದು ಬರುತ್ತಿರಲಿಲ್ಲ. ಬಳ್ಳಾರಿಯಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಯವರು 1830ರ ದಶಕದ ಆರಂಭಕ್ಕೆ ಇಡೀ ಸತ್ಯವೇದವನ್ನು ಕನ್ನಡದಲ್ಲಿ ಅಚ್ಚು ಹಾಕಿ ಮುಗಿಸಿದ್ದರೂ ಅದು ಆಯಿಗೆ ಸಿಕ್ಕಿದ್ದು ಕಿವಿಯಿಂದಲೇ. ರೊಟ್ಟಿ ಬಡಿಯುತ್ತ ಹಾಡಿಕೊಳ್ಳುತ್ತಿದ್ದಳು. ಬೀಸಲು ಜೋಳ ಅಳೆಯುವಾಗ ಪ್ರತಿಸಲವೂ ಒಂದು ಹಿಡಿಯನ್ನು ಬೇರೆ ಗಡಿಗೆಗೆ ಹಾಕುತ್ತಿದ್ದಳು. ಭಾನುವಾರ ಆ ಗಡಿಗೆ ದೇವಾಲಯಕ್ಕೆ ಹೋಗುತ್ತಿತ್ತು. ನಮಗೆ ಕಲಿಸುತ್ತಿದ್ದೇನೆಂಬ ಯೋಚನೆ ಅವಳಿಗಿದ್ದಂತೆ ಕಾಣೆ. ನಾವು ಪಕ್ಕದಲ್ಲಿದ್ದೆವು, ಕೇಳಿಸಿಕೊಂಡೆವು. ಈಗಿನ ಮಕ್ಕಳು ನಮ್ಮ ಪಕ್ಕದಲ್ಲಿಲ್ಲ. ಆರಾಧನೆಯ ಹೊತ್ತಿಗೆ ಅವರನ್ನು ಬೇರೆ ಕೋಣೆಗೆ ಕಳಿಸಿ ಬಣ್ಣದ ಪೆನ್ಸಿಲ್ ಕೊಡುತ್ತೇವೆ. ಮನೆಯಲ್ಲಿ ಕುಟುಂಬ ಪ್ರಾರ್ಥನೆಯ ಹೊತ್ತಿಗೆ ಟ್ಯೂಷನ್ ಇರುತ್ತದೆ. ಆಯಿಗೂ ಹಲಗೆಯ ಕಥೆ ಗೊತ್ತಿತ್ತು, ಅವಳೂ ಹೇಳಲಿಲ್ಲ. ಆದರೆ ಆ ಹಿಡಿ ಜೋಳದಲ್ಲಿ ಕಣದ ಕಾಳಿಗಾಗಿ ಕಾಯುವ ಕಾಲ ಮುಗಿಯಿತೆಂಬ ಸಣ್ಣ ಗರ್ವವೂ ಇತ್ತೆಂದು ನನಗೀಗ ಅನ್ನಿಸುತ್ತದೆ. ಇದು ನನ್ನ ಊಹೆ.

ಸ್ಮರಣ ಸಂಚಿಕೆ

ಹಳ್ಳಿಯ ಸಭೆ ಒಂದು ಸ್ಮರಣ ಸಂಚಿಕೆ ತರಬೇಕೆಂದಿದೆ. ನನಗೆ ಎರಡು ಪುಟ ಕೊಟ್ಟಿದ್ದಾರೆ. ಹಲಗೆಯ ಸಂಗತಿಯನ್ನು ಬರೆದೆ, ತಮ್ಮನ ಮಗಳು ಟೈಪ್ ಮಾಡಿದಳು. ಸಂಪಾದಕ ಸಮಿತಿಯಿಂದ ಫೋನ್ ಬಂತು. ಬರಹ ಚೆನ್ನಾಗಿದೆ, ಆದರೆ ಜಾತಿಯ ವಿಷಯ ಬೇಡ, ಬೇಕಾದರೆ ಆ ಜಾಗದಲ್ಲಿ ಮಿಷನ್ ಬಂಗಲೆಯ ಹಳೆಯ ಫೋಟೋ ಹಾಕೋಣ ಎಂದರು. ನಾಳೆ ಯಾರಾದರೂ ಇದನ್ನು ಹಿಡಿದು ತಹಶೀಲ್ದಾರರಿಗೆ ದೂರು ಕೊಟ್ಟರೆ ಮಕ್ಕಳ ಗತಿಯೇನು ಎಂಬ ಅವರ ಹೆದರಿಕೆ ಹುಸಿಯಲ್ಲ. ಯಾವ ಮನೆಯೆಂದು ಗುರುತಾಗದಂತೆ ತಿದ್ದಿಕೊಡುತ್ತೇನೆ, ಆದರೆ ಕಥೆಯನ್ನು ತೆಗೆಯುವುದಾದರೆ ಇಡೀ ಲೇಖನವನ್ನೇ ತೆಗೆಯಿರಿ ಎಂದಿದ್ದೇನೆ.

ಒಂದು ಪ್ರತಿಯನ್ನು ಕಾಕಾನಿಗೂ ಕಳಿಸಿದ್ದೆ. ಅವರು ಬೇಡವೆನ್ನುತ್ತಾರೆಂದೇ ಅಂದುಕೊಂಡಿದ್ದೆ. ಕೆಂಪು ಶಾಯಿಯಲ್ಲಿ ಕಾಗುಣಿತ ತಿದ್ದಿ, ಹೆಡ್‌ಮಾಸ್ತರರ ರೂಢಿಯಂತೆ ಪಕ್ಕದಲ್ಲಿ ಟಿಪ್ಪಣಿ ಬರೆದು ವಾಪಸು ಕಳಿಸಿದರು. ಮುತ್ಯಾ ಹಲಗೆ ಸೀಳಿದ್ದಕ್ಕೆ ಅವರ ಅಜ್ಜಿಯ ಒಪ್ಪಿಗೆ ಇರಲಿಲ್ಲವಂತೆ. ಮನೆಯಲ್ಲಿ ಕಾಳಿಲ್ಲದ ಆ ವರ್ಷ ಪೂರ್ತಿ ಅವಳು ಗಂಡನನ್ನೂ ಪಾದ್ರಿಯನ್ನೂ ಬೈದಳಂತೆ, ಎರಡು ವರ್ಷ ದೇವಾಲಯದ ಮೆಟ್ಟಿಲು ಹತ್ತಲಿಲ್ಲವಂತೆ. ಆಮೇಲೆ ಹೇಗೆ ಬಂದಳೆಂದು ಅವರಿಗೂ ಗೊತ್ತಿಲ್ಲ. "ಇದನ್ನೂ ಸೇರಿಸು, ಇಲ್ಲದಿದ್ದರೆ ಅರ್ಧ ಸುಳ್ಳಾಗುತ್ತದೆ" ಎಂದು ಕೆಳಗೆ ಸಹಿ ಹಾಕಿದ್ದಾರೆ. ಸೇರಿಸಿದೆ. ಎರಡು ಪುಟದ ಮಿತಿ ದಾಟಿದೆ. ಸಮಿತಿ ಮುಂದಿನ ತಿಂಗಳು ಕೂಡುತ್ತದೆ. ಅವರು ಹಾಕದಿದ್ದರೆ ಜೆರಾಕ್ಸ್ ಮಾಡಿಸಿ ಮನೆಮನೆಗೆ ಕೊಡುತ್ತೇನೆಂದು ತಮ್ಮನ ಮಗಳು ಈಗಲೇ ಹಣ ಎತ್ತುತ್ತಿದ್ದಾಳೆ, ಮೊದಲ ನೂರು ರೂಪಾಯಿ ಕಾಕಾನದು.